ಗಾಳಿಗೆ ಮುಖ ಮಾಡಿದ ಹಕ್ಕಿಗಳು

ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತು ದಾರಿಹೋಕರನ್ನೆಲ್ಲ ನೋಡಿ ನಗುತ್ತವಲ್ಲ, ಆ ಗೊಂಬೆಗಳನ್ನು ಮಾಡುವುದು ನಮ್ಮ ಮನೆಯ ಕಸುಬು. ಅಣ್ಣ ಅಚ್ಚು ಹಾಕಿ ಫೈಬರ್ ಮೈ ತೆಗೆಯುತ್ತಾನೆ, ಅತ್ತಿಗೆ ಅದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನುಣುಪು ಮಾಡುತ್ತಾರೆ, ನಾನು ಬಣ್ಣ ಹೊಡೆದು ಕಣ್ಣು, ಹುಬ್ಬು, ತುಟಿ ಬರೆಯುತ್ತೇನೆ. ಮೂವರಲ್ಲಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು. ಬಾಯಿ ತೆರೆದರೆ ಮುಚ್ಚಲು ಮರೆಯುವವನು ಅಣ್ಣ. ಇಬ್ಬರನ್ನೂ ಒಂದೇ ಸೂರಿನಡಿ ಇಟ್ಟುಕೊಂಡು ಕೆಲಸ ತೆಗೆಯುವವರು ಅತ್ತಿಗೆ.

ಆ ಅತ್ತಿಗೆಯ ಎಡಗಡೆಯ ಕಿಡ್ನಿ ಈಗ ನನ್ನ ಹೊಟ್ಟೆಯೊಳಗಿದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿದ್ದು. ನನ್ನವು ಎರಡೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದೆ. ಕುಡಿಯುವ ನೀರಿಗೂ ಲೋಟದ ಲೆಕ್ಕ. ಬಾಯಾರಿದರೆ ಮಂಜುಗಡ್ಡೆಯ ಚೂರು ಚೀಪುತ್ತ, ನಲ್ಲಿ ಬಿಟ್ಟುಕೊಂಡು ನೀರು ಕುಡಿಯುವವರನ್ನೆಲ್ಲ ಶಪಿಸುತ್ತ ಕೂರುತ್ತಿದ್ದೆ. ಅಣ್ಣ ತನ್ನದು ಕೊಡುತ್ತೇನೆಂದು ಕುಣಿದ. ಅವನಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು ಡಾಕ್ಟರು. ಅತ್ತಿಗೆ ಗೊಂಬೆಯ ಮೊಣಕೈ ಉಜ್ಜುತ್ತಲೇ, "ನಂದು ಹೊಂದತ್ತಾ ನೋಡಿ," ಅಂದರು. ಹೊಂದಿತು.

ಆಪರೇಷನ್ ಆಗಿ ವರ್ಷ ದಾಟಿದರೂ ಅವರಿಗೆ ಒಂದು ಸಲವೂ ಸರಿಯಾಗಿ ಕೃತಜ್ಞತೆ ಹೇಳಲು ಆಗಿರಲಿಲ್ಲ. ನಾನು ಪ್ರಯತ್ನಪಡಲಿಲ್ಲ ಎಂದಲ್ಲ, ಅವರು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ಸಲ ನಮ್ಮಿಬ್ಬರನ್ನೂ ಗಾಲಿಕುರ್ಚಿಯಲ್ಲಿ ಎದುರುಬದುರು ಕೂರಿಸಿದಾಗ "ಅತ್ತಿಗೆ..." ಎಂದು ಬಾಯಿ ತೆರೆದೆ. "ಮಾತ್ರೆ ತಗೊಂಡ್ಯಾ?" ಎಂದು ಕೇಳಿ ನರ್ಸಿನ ಕಡೆ ತಿರುಗಿದರು. ಮನೆಗೆ ಬಂದ ಮೇಲೆ ಇನ್ನೊಮ್ಮೆ ಶುರುಮಾಡಿದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದರು. ನಾನೂ ಬೆನ್ನು ಬಿಡದೆ ಅಡುಗೆಮನೆಗೆ ಹೋಗಿ ನೋಡಿದರೆ ಒಲೆ ಹಚ್ಚಿರಲೇ ಇಲ್ಲ. ಮೂರನೆಯ ಸಲ ಜಗಳವೇ ಆಯಿತು.

"ನೋಡು ಪುಟ್ಟ," ಎಂದರು. ನನಗೆ ಕಿವಿಯ ಸುತ್ತ ನರೆ ಬಂದಿದೆ, ಆದರೂ ಅವರಿಗೆ ನಾನು ಪುಟ್ಟನೇ. "ಮನೇಲಿರೋ ಸಾಮಾನು ಒಂದು ರೂಮಿಂದ ಇನ್ನೊಂದು ರೂಮಿಗೆ ಎತ್ತಿಟ್ಟೆ. ಅದಕ್ಕೆ ಯಾರಾದ್ರೂ ಭಾಷಣ ಮಾಡ್ತಾರಾ? ಇನ್ನೊಂದ್ಸಲ ಆ ಮಾತೆತ್ತಿದ್ರೆ ನಿನ್ನ ಅಡುಗೆ ನೀನೇ ಮಾಡ್ಕೊ."

ಮಾತು ಬೇಡವಾದರೆ ವಸ್ತು ಕೊಡೋಣ ಎಂದು ಒಂದು ಕೈಗಡಿಯಾರ ತಂದೆ. ಸಣ್ಣ ಮುಖದ್ದು, ಬೆಳ್ಳಿ ಬಣ್ಣದ ಸರಪಳಿ ಪಟ್ಟಿಯದು. "ಚೆನ್ನಾಗಿದೆ," ಎಂದು ತಿರುಗಿಸಿ ತಿರುಗಿಸಿ ನೋಡಿ, ಪಕ್ಕದಲ್ಲಿ ಕೂತಿದ್ದ ಅಣ್ಣನ ಕೈಗೆ ಕಟ್ಟಿಬಿಟ್ಟರು. ಅಂದಿನಿಂದ ನಮ್ಮಣ್ಣ, ಕರಡಿಯಂಥ ಆಳು, ಹೆಂಗಸರ ವಾಚು ಕಟ್ಟಿಕೊಂಡು ಊರೆಲ್ಲ ಓಡಾಡುತ್ತಿದ್ದಾನೆ. ಅವನಿಗೆ ನಾಚಿಕೆಯೂ ಇಲ್ಲ. ಟೈಮು ಸರಿಯಾಗಿ ತೋರಿಸುತ್ತದೆ ಎಂದು ಎಲ್ಲರಿಗೂ ಕೈ ಚಾಚಿ ತೋರಿಸುತ್ತಾನೆ.

ಕೊಟ್ಟವರಿಗೆ ಏನೂ ಅನಿಸದಿರಬಹುದು. ತೆಗೆದುಕೊಂಡವನ ಪಾಡೇ ಬೇರೆ. ಹೇಳಬೇಕಾದ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ವರ್ಷವಿಡೀ ಒದ್ದಾಡಿದೆ. ಅದರ ಸಿಟ್ಟನ್ನೆಲ್ಲ ಅಣ್ಣನ ಮೇಲೆ ತೀರಿಸಿಕೊಂಡೆ.

ಅತ್ತಿಗೆ ಬಾಯಿಬಿಟ್ಟು ಏನಾದರೂ ಬೇಕು ಎಂದದ್ದು ಒಂದೇ ಸಲ, ಆಪರೇಷನ್ನಿನ ಹಿಂದಿನ ಸಂಜೆ, ವಾರ್ಡಿನಲ್ಲಿ. ಅವರ ಅಪ್ಪ ಒಂದು ಅಳಿವೆಯಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ದೋಣಿ ನಡೆಸುತ್ತಿದ್ದರಂತೆ. ನಡುವೆ ಒಂದು ಮರಳುದಿಬ್ಬ. ಅದರ ತುಂಬ ಬಿಳಿ ಮೈಯ, ಕವಲು ಬಾಲದ, ತಲೆಗೆ ಕರೀ ಟೋಪಿ ಹಾಕಿಕೊಂಡಂಥ ಹಕ್ಕಿಗಳು. ದೋಣಿ ಹತ್ತಿರ ಹೋದರೆ ಎಲ್ಲವೂ ಒಟ್ಟಿಗೆ ಮೇಲೆದ್ದು, ಕಿರುಚಿ, ತಲೆ ಕುಕ್ಕಿ, ಮೈಮೇಲೆಲ್ಲ ಹಿಕ್ಕೆ ಹಾಕುತ್ತಿದ್ದವಂತೆ. ಅಪ್ಪ ಬಿಸಿಲಿಗಲ್ಲ, ಮಳೆಗಲ್ಲ, ಈ ಹಕ್ಕಿಗಳಿಗೆಂದೇ ದೋಣಿಯಲ್ಲಿ ಕೊಡೆ ಇಟ್ಟುಕೊಂಡಿದ್ದರಂತೆ. ಪುಸ್ತಕದಲ್ಲಿ ಅವಕ್ಕೆ ರೀವ ಎಂದು ಹೆಸರಿದೆ. ಅತ್ತಿಗೆಗೆ ಅವು ಕರಿಟೋಪಿಗಳು. ಆಮೇಲೆ ದಿಬ್ಬಕ್ಕೆ ನಾಯಿಗಳು ಬಂದವು, ಕಸ ಬಂತು, ಮೊಟ್ಟೆ ಕದಿಯುವವರು ಬಂದರು. ಒಂದು ವರ್ಷ ಕರಿಟೋಪಿಗಳು ಬರಲಿಲ್ಲ. ಆಮೇಲೆ ಬರಲೇ ಇಲ್ಲ.

"ಅವು ಆ ದಿಬ್ಬದ ಮೇಲೆ ಬಂದು ಕೂರೋದು ಇನ್ನೊಂದ್ಸಲ ನೋಡ್ಬೇಕು ಅನ್ಸತ್ತೆ," ಎಂದರು. ಮರುಕ್ಷಣವೇ, ಬಾಯಿ ಜಾರಿತೆಂಬಂತೆ, ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.

ನನ್ನ ಹೊಟ್ಟೆಯ ಹೊಲಿಗೆ ಒಣಗುವ ಹೊತ್ತಿಗೆ ಪತ್ರಿಕೆಯಲ್ಲಿ ಒಂದು ಸುದ್ದಿ ನೋಡಿದೆ. ಅದೇ ಅಳಿವೆ ಈಗ ಪಕ್ಷಿಧಾಮ. ದಿಬ್ಬ ಶುಚಿ ಮಾಡಿದ್ದಾರೆ, ನಾಯಿ ಬಾರದಂತೆ ದಡಕ್ಕೆ ಬೇಲಿ ಹಾಕಿದ್ದಾರೆ, ಆದರೆ ಹಕ್ಕಿಗಳು ಮಾತ್ರ ಇಳಿಯುತ್ತಿಲ್ಲ. ತಮ್ಮವರು ಮೊದಲೇ ಕೂತಿರುವ ಕಡೆ ಮಾತ್ರ ಇಳಿಯುವ ಜಾತಿ ಅದು. ಹಾಗಾಗಿ ಗೊಂಬೆ ಹಕ್ಕಿಗಳನ್ನು ಇಟ್ಟು ನಿಜದವನ್ನು ಕರೆಸುವ ಯೋಚನೆ ಇದೆ ಎಂದು ಅಲ್ಲಿನ ಅಧಿಕಾರಿ ಹೇಳಿದ್ದರು. ಗೊಂಬೆ! ನಾನು ಕೂತಲ್ಲಿಂದ ಎದ್ದುನಿಂತೆ. ಮರುದಿನವೇ ಬಸ್ಸು ಹತ್ತಿ ಹೋಗಿ ಆ ಅಧಿಕಾರಿಯನ್ನು ಕಂಡೆ. ಬಿಸಿಲಿಗೆ ಮೂಗು ಸುಲಿದುಹೋದ, ಸದಾ ಪಿಸುಮಾತಿನಲ್ಲೇ ಮಾತಾಡುವ ಹೆಂಗಸು. ನಾವು ಅವರಿಗೆ ಇಟ್ಟ ಹೆಸರು ಹಕ್ಕಿ ಮೇಡಂ.

ಅಣ್ಣ ಅಚ್ಚು ಮಾಡಿದ, ನಾನು ಬಣ್ಣ ಹಾಕಿದೆ. ಉಜ್ಜಲು ಮೊದಲ ಹಕ್ಕಿ ಕೈಗೆ ಬಂದಾಗಲೇ ಅತ್ತಿಗೆ ಗುರುತು ಹಿಡಿದುಬಿಟ್ಟರು.

"ಇದು ಕರಿಟೋಪಿ ಅಲ್ವಾ? ಇದೂ ಆ ಕಿಡ್ನಿ ಬಾಬ್ತಾ?"

ನಾನು ಬಣ್ಣದ ಡಬ್ಬಿಯೊಳಗೆ ಮುಖ ಇಟ್ಟುಕೊಂಡೆ.

"ನಂಗೋಸ್ಕರ ಯಾರೂ ಹಕ್ಕಿ ಕರೆಸೋದು ಬೇಡ. ಕೆಲಸ ಅಂತ ಇದ್ರೆ ಕೊಡು, ಉಜ್ತೀನಿ. ನೋಡೋಕೆ ಬಾ ಅಂತ ಮಾತ್ರ ಕರೀಬೇಡ," ಎಂದರು. ಉಜ್ಜಿದರು ಕೂಡ. ಒಂದು ಹಕ್ಕಿಯ ಕತ್ತನ್ನಂತೂ ಯಾವ ಯೋಚನೆಯಲ್ಲಿದ್ದರೋ, ಉಜ್ಜಿ ಉಜ್ಜಿ ಕಡ್ಡಿಯಷ್ಟು ಸಣ್ಣ ಮಾಡಿಟ್ಟರು. ಅದನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ಹಾಗೇ ಬಣ್ಣ ಹಾಕಿದೆ.

ಗೊಂಬೆಗಳನ್ನು ದಿಬ್ಬದ ಮೇಲೆ ನೆಟ್ಟು ಬಂದವರು ಅಣ್ಣ ಮತ್ತು ನಾನು. ಹಕ್ಕಿ ಮೇಡಂ ದಡದಲ್ಲೇ ನಿಂತು "ಗುಂಪಾಗಿರಲಿ" ಎಂದಷ್ಟೇ ಹೇಳಿದ್ದರು. ಆಮೇಲೆ ಕಾದದ್ದೇ ಬಂತು. ನಾನು ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಉತ್ತರ, "ಮೇಲೆ ಹಾರಾಡ್ತವೆ, ನೋಡ್ತವೆ, ಹೋಗ್ತವೆ." ಕೊನೆಗೊಂದು ದಿನ ಅವರೇ ಫೋನ್ ಮಾಡಿದರು. ಹಕ್ಕಿಗಳು ಗೂಡು ಮಾಡುವ ಕಾಲ ಮುಗಿಯುತ್ತ ಬಂತು. ಇನ್ನೇನು ಮಳೆಗಾಲದ ದೊಡ್ಡ ಉಬ್ಬರಗಳು ದಿಬ್ಬವನ್ನು ಮುಳುಗಿಸುತ್ತವೆ. ಬಂದು ಗೊಂಬೆಗಳನ್ನು ಕಿತ್ತುಕೊಂಡು ಹೋಗಿ. ಒಂದೂ ಇಳಿಯಲಿಲ್ಲವಾದ್ದರಿಂದ ಮುಂದಿನ ವರ್ಷ ಈ ಯೋಜನೆ ಇರುವುದಿಲ್ಲ.

ಅತ್ತಿಗೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನೂ ಕೊಡಲಾಗಲಿಲ್ಲ.

ಅಣ್ಣನಿಗೆ ವಿಷಯ ಹೇಳಿದೆ. ಅವನು ಎಂದೂ ಇಲ್ಲದ್ದು ಬುದ್ಧಿ ಉಪಯೋಗಿಸಿದ. ಅತ್ತಿಗೆಯ ಬಳಿ ಹೋಗಿ, "ಗೊಂಬೆ ಕೀಳೋಕೆ ಕೈ ಸಾಲಲ್ಲ ಕಣೇ. ಅವನಿಗೆ ಭಾರ ಎತ್ಬಾರ್ದು ಅಂದಿದಾರೆ, ನಂಗೆ ಸೊಂಟ. ಬರ್ತೀಯಾ?" ಎಂದ. ನೋಡುವುದಕ್ಕೆ ಬರದ ಅತ್ತಿಗೆ ಕೆಲಸಕ್ಕೆ ಎಂದೂ ಇಲ್ಲ ಎಂದವರಲ್ಲ. ಬೆಳಗಾಗುವ ಮೊದಲೇ ಎದ್ದು ಬುತ್ತಿ ಕಟ್ಟಿ, ಹಳೆಯ ಚೀಲಗಳನ್ನೆಲ್ಲ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಪಕ್ಷಿಧಾಮದ ಗೇಟು ದಾಟಿದೊಡನೆ ನಾನು ಶೌಚಾಲಯ ಹುಡುಕಿಕೊಂಡು ಹೋದೆ. "ಬಸ್‌ಸ್ಟ್ಯಾಂಡಲ್ಲಿ ಈಗ ತಾನೆ ಹೋದ್ಯಲ್ಲೋ!" ಎಂದು ಅಣ್ಣ ಹಿಂದಿನಿಂದ ಕೂಗಿದ. ಕೂಗಲಿ. ಹೊರಗೆ ಬಂದು ಬಾಟಲಿಯೆತ್ತಿ ಗಟಗಟ ನೀರು ಕುಡಿದೆ. ಲೆಕ್ಕವಿಲ್ಲದೆ ನೀರು ಕುಡಿಯುವ ಸುಖ ಏನೆಂದು ಅವನಿಗೇನು ಗೊತ್ತು.

ಅಲ್ಲಿಂದ ಮುಂದೆ ಹಲಗೆಯ ಕಾಲುದಾರಿ. ಎರಡೂ ಕಡೆ ಉಪ್ಪುನೀರಿನ ಗಿಡಗಳು ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿ ನಿಂತಿದ್ದವು. ಬೇರುಗಳ ನಡುವೆ ಒಂದೇ ಕೈ ದಪ್ಪಗಿರುವ ಸಣ್ಣ ಕೆಂಪು ಏಡಿಗಳು ಆ ಕೈ ಎತ್ತಿ ಇಳಿಸಿ ಮಾಡುತ್ತಿದ್ದವು. ಒಂದು ಮೀಂಚುಳ್ಳಿ ಕಣ್ಣೆದುರೇ ನೀಲಿ ಗೆರೆ ಎಳೆದು ಹೋಯಿತು. ಕಾಲುವೆಯಲ್ಲಿ ಏನೋ ಬುಳಕ್ಕೆಂದಿತು, ನೋಡಿದರೆ ಚಪ್ಪಟೆ ತಲೆಯ ನೀರುನಾಯಿ, ಬಾಯಲ್ಲಿ ಮೀನು. ನಮ್ಮನ್ನು ಒಮ್ಮೆ ದುರುಗುಟ್ಟಿ ನೋಡಿ ಮುಳುಗಿತು. "ನಿನ್ನ ಥರಾನೇ ಇದೆ ಮುಖ," ಎಂದ ಅಣ್ಣ ನನಗೆ.

ಅತ್ತಿಗೆ ನಗಲಿಲ್ಲ. ಅವರು ನಮ್ಮಿಂದ ಮುಂದೆ ಮುಂದೆ ಹೋಗುತ್ತಿದ್ದರು. ಚೀಲದ ಗಂಟನ್ನು ಅಣ್ಣನ ಹೆಗಲಿಗೆ ದಾಟಿಸಿದ್ದರು. ಒಂದು ಕಡೆ ನಿಂತು ಮೂಗೆತ್ತಿ ಉಸಿರು ಎಳೆದುಕೊಂಡರು. ಕೆಸರು, ಉಪ್ಪು, ಕೊಳೆತ ಎಲೆ, ಎಲ್ಲ ಸೇರಿದ ವಾಸನೆ. ನನಗೆ ಮೂಗು ಮುಚ್ಚಿಕೊಳ್ಳಬೇಕೆನಿಸಿತ್ತು.

"ನಮ್ಮಪ್ಪನ ಅಂಗಿ ವಾಸನೆ ಇದು," ಎಂದರು ಅತ್ತಿಗೆ.

ದಾರಿಯ ಕೊನೆಗೆ ಒಂದು ಮರದ ಕೋಣೆ. ಒಳಗೆ ಬೆಂಚುಗಳು, ಎದುರಿನ ಗೋಡೆಯಲ್ಲಿ ಉದ್ದಕ್ಕೆ ಒಂದು ಕಿಂಡಿ. ಹಕ್ಕಿಗೆ ನಾವು ಕಾಣಬಾರದು, ನಮಗೆ ಹಕ್ಕಿ ಕಾಣಬೇಕು, ಅದಕ್ಕೆಂದು ಕಟ್ಟಿದ್ದು. ಕಿಂಡಿಯ ಮುಂದೆ ಮೂರುಕಾಲಿನ ಮೇಲೆ ದೊಡ್ಡ ದುರ್ಬೀನು. ಹಕ್ಕಿ ಮೇಡಂ ಅಲ್ಲಿ ಕಾಯುತ್ತಿದ್ದರು.

"ಕ್ಷಮಿಸಿ," ಎಂದು ಪಿಸುಗುಟ್ಟಿದರು, ತಪ್ಪು ಅವರದೇ ಎಂಬಂತೆ. "ನೀರು ಇನ್ನೂ ಇಳಿದಿಲ್ಲ. ಇಳಿದ ಮೇಲೆ ದಿಬ್ಬಕ್ಕೆ ನಡ್ಕೊಂಡೇ ಹೋಗ್ಬಹುದು. ಅಲ್ಲಿವರೆಗೆ ಕೂತು ನೋಡ್ತಿರಿ."

ಅತ್ತಿಗೆ ದುರ್ಬೀನಿಗೆ ಕಣ್ಣಿಟ್ಟರು. ಅಣ್ಣ "ಏನು ಕಾಣತ್ತೆ, ಏನು ಕಾಣತ್ತೆ?" ಎಂದು ಶುರುಮಾಡಿದ. ಮೇಡಂ ತುಟಿಯ ಮೇಲೆ ಬೆರಳಿಟ್ಟರು. ಮಾತಾಡಬಾರದು ಎಂದು ಗೋಡೆಯ ಮೇಲೂ ಬರೆದಿತ್ತು. ಹುಟ್ಟಿದಾಗಿನಿಂದ ಅಣ್ಣನ ಬಾಯಿಗೆ ಬೀಗ ಬಿದ್ದದ್ದು ಆ ಕೋಣೆಯಲ್ಲೇ ಮೊದಲು ಇರಬೇಕು. ಆ ಪಕ್ಷಿಧಾಮಕ್ಕೆ ಅದೊಂದಕ್ಕಾದರೂ ನಾನು ಋಣಿ.

ನಾನು ಬರಿಗಣ್ಣಿನಲ್ಲೇ ನೋಡುತ್ತ ಕೂತೆ. ಕಿಂಡಿಯಾಚೆ ಹೊಳೆಯುವ ಕೆಸರು ಬಯಲು. ಅದರ ಮೇಲೆ ಸಣ್ಣ ಕಾಲಿನ, ಉದ್ದ ಕೊಕ್ಕಿನ ಹಕ್ಕಿಗಳು ನೂರಾರು. ಬೆಳ್ಳಕ್ಕಿಗಳು. ಗೂಟವೊಂದರ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ. ಅದರಾಚೆ ನೀರು, ನೀರಿನ ನಡುವೆ ಮರಳುದಿಬ್ಬ, ದಿಬ್ಬದ ಮೇಲೆ ನಮ್ಮ ಗೊಂಬೆಗಳು. ಬಿಸಿಲಿಗೆ ಬಣ್ಣ ಚೂರೂ ಮಾಸಿರಲಿಲ್ಲ. ಕಣ್ಣುಗಳನ್ನು ಎಷ್ಟು ಅಕ್ಕರೆಯಿಂದ ಬರೆದಿದ್ದೆ, ಎಲ್ಲ ದಂಡ ಎನಿಸಿ ಹೊಟ್ಟೆ ಉರಿಯಿತು.

"ಪುಟ್ಟ," ಎಂದರು ಅತ್ತಿಗೆ, ದುರ್ಬೀನಿನಿಂದ ಕಣ್ಣು ತೆಗೆಯದೆ. "ಇವೆಲ್ಲ ಯಾಕೋ ನಮ್ಮನ್ನೇ ನೋಡ್ತಿವೆ?"

"ನೀವು ನೋಡ್ತಿದೀರಲ್ಲ, ಅವೂ ನೋಡ್ತಿವೆ."

"ತಮಾಷೆ ಬೇಡ. ಬಾ ಇಲ್ಲಿ, ನೋಡು."

ನೋಡಿದೆ. ನಮ್ಮ ಹಕ್ಕಿಗಳು ಅಷ್ಟೂ ಈ ಕೋಣೆಯ ಕಡೆಗೇ ಮುಖ ಮಾಡಿ, ಎದೆಯುಬ್ಬಿಸಿ, ಕಣ್ಣರಳಿಸಿ ನಿಂತಿದ್ದವು. ಬಣ್ಣ ಚೆನ್ನಾಗಿ ಬಂದವು ಮುಂದಿನ ಸಾಲಿನಲ್ಲಿ, ಸುಮಾರಾದವು ಹಿಂದೆ. ಸಣ್ಣ ಕತ್ತಿನದು ಒಂದು ಮೂಲೆಯಲ್ಲಿ. ಸಾಕ್ಷಾತ್ ಬಟ್ಟೆ ಅಂಗಡಿ. ಗಿರಾಕಿ ಬಾಗಿಲು ತಳ್ಳಿಕೊಂಡು ಬರುವುದೊಂದೇ ಬಾಕಿ.

ದುರ್ಬೀನನ್ನು ಕೆಸರಿನ ಕಡೆ ತಿರುಗಿಸಿದೆ. ಬೆಳ್ಳಕ್ಕಿಗಳು, ಕಡಲಹಕ್ಕಿಗಳು, ಸಣ್ಣ ಕಾಲಿನವು, ಗೂಟದ ಮೇಲಿನ ನೀರುಕಾಗೆ ಸಹ, ನಿಂತಿದ್ದ ಒಂದೊಂದೂ ಹಕ್ಕಿ ಸಮುದ್ರದ ಕಡೆಗೆ ಮುಖ ಮಾಡಿತ್ತು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಗಾಳಿಗೆ ಬೆನ್ನು ಹಾಕಿದರೆ ಗರಿ ಎದ್ದು ಮೈ ಕೆದರಿಹೋಗುತ್ತದೆ, ಯಾವ ಹಕ್ಕಿ ಹಾಗೆ ನಿಲ್ಲುತ್ತದೆ! ಅಡ್ಡಗಾಳಿಯಲ್ಲಿ ಒಂದು ಗರಿಯೂ ಅಲುಗದೆ ದಡದ ಕಡೆ ನೋಡಿ ನಿಂತ ಗುಂಪನ್ನು ಮೇಲಿನಿಂದ ನೋಡಿದ ಕರಿಟೋಪಿಗಳಿಗೆ ಏನನಿಸಿರಬೇಕು! ಇವಕ್ಕೆ ಏನೋ ಬಡಿದಿದೆ, ಇಲ್ಲಿ ಇಳಿಯುವುದು ಬೇಡ ಎನಿಸಿರಬೇಕು.

"ಲೋ ಅಣ್ಣ," ಎಂದೆ. "ಯಾವ ಕಡೆ ತಿರುಗಿಸಿ ನೆಟ್ಟೆವೋ ಇವನ್ನ?"

"ಯಾವ ಕಡೆ ಅಂದ್ರೆ? ನೋಡೋರ ಕಡೆ." ಅಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಜನಕ್ಕೆ ಬೆನ್ನು ತೋರಿಸೋ ಗೊಂಬೆ ಎಲ್ಲಾದ್ರೂ ಇರತ್ತಾ?"

ಅವನನ್ನು ಬೈಯುವ ಹಾಗೂ ಇರಲಿಲ್ಲ. ನಾನೇ ಒಂದೊಂದನ್ನೂ ತಿರುಗಿಸಿ, ಈ ಕಿಂಡಿಯ ನೇರಕ್ಕೆ ಮುಖ ಬಂತೇ ಎಂದು ಕಣ್ಣು ಕಿರಿದು ಮಾಡಿ ನೋಡಿದ್ದೆ. ಇಷ್ಟು ವರ್ಷ ಅಂಗಡಿ ಗಾಜಿನ ಹಿಂದೆ ಗೊಂಬೆ ನಿಲ್ಲಿಸಿದ ಕೈಗೆ ಬೇರೆ ಏನೂ ಹೊಳೆದಿರಲಿಲ್ಲ. ಹಕ್ಕಿ ಮೇಡಮಿಗೆ ತೋರಿಸಿದೆ. ಅವರು ದುರ್ಬೀನನ್ನು ದಿಬ್ಬಕ್ಕೂ ಕೆಸರಿಗೂ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡರು, ಅದನ್ನೂ ಸದ್ದಾಗದಂತೆ.

"ನಾನೂ ದಿನಾ ನೋಡ್ತಿದ್ದೆ. ಮುಖ ಎಷ್ಟು ಚೆನ್ನಾಗಿ ಕಾಣತ್ತೆ ಅಂತ ಖುಷಿಪಡ್ತಿದ್ದೆ," ಎಂದರು. "ಇದೇ ಕಾರಣ ಅಂತ ಹೇಳೋಕಾಗಲ್ಲ. ಇರ್ಬಹುದು."

"ಇವತ್ತು ಕೀಳಲ್ಲ ಮೇಡಂ, ತಿರುಗಿಸ್ತೀವಿ," ಎಂದೆ. "ದಮ್ಮಯ್ಯ, ಇನ್ನೊಂದು ಸ್ವಲ್ಪ ಟೈಮ್ ಕೊಡಿ."

"ಇವತ್ತು, ನಾಳೆ. ಆಮೇಲೆ ನೀರು ಬಿಡಲ್ಲ." ಅವರು ಮೂಗಿನ ತುದಿ ಉಜ್ಜಿಕೊಂಡರು. "ಒಂದೇ ಒಂದು ಇಳಿದು ನಿಂತ್ರೂ ಸಾಕು. ಮುಂದಿನ ವರ್ಷಕ್ಕೆ ನಾನು ಮೇಲಿನವರ ಹತ್ರ ಕೇಳ್ಬಹುದು."

ಅತ್ತಿಗೆ ಏನು ಹೇಳುತ್ತಾರೋ ಎಂದು ನನಗೆ ಅಳುಕು. ನಂಗೋಸ್ಕರ ಬೇಡ ಎಂದು ಚೀಲ ಬಿಚ್ಚಿಯೇ ಬಿಡುತ್ತಾರೆ ಎಂದುಕೊಂಡೆ. ಅವರು ಎದ್ದು ಚಪ್ಪಲಿ ಬಿಟ್ಟು, ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟುತ್ತಿದ್ದರು.

"ನೀರು ಇಳೀತು," ಎಂದರು. "ಏಳ್ರೋ."

ಕೆಸರಿನಲ್ಲಿ ನಡೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗೆ ಸೋಂಕು ತಗಲಬಾರದೆಂದು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೋಗಿದ್ದೆ, ಒಂದೊಂದು ಹೆಜ್ಜೆಗೂ ಕೆಸರು ಅದನ್ನು ಹಿಡಿದೆಳೆಯುತ್ತಿತ್ತು. ಅಣ್ಣನ ಒಂದು ಚಪ್ಪಲಿ ಮೊದಲ ಹೆಜ್ಜೆಗೇ ಹೋಯಿತು, ಇನ್ನೊಂದನ್ನು ಅವನೇ ಸಿಟ್ಟಿನಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಅತ್ತಿಗೆ ಮಾತ್ರ ಪಾದ ಎತ್ತಲೇ ಇಲ್ಲ. ನೆಲ ಒರೆಸುವವರ ಹಾಗೆ ಸರ್ರನೆ ಜಾರಿಸಿಕೊಂಡು ಹೊರಟೇಬಿಟ್ಟರು. ಐವತ್ತು ದಾಟಿದ ಹೆಂಗಸು, ಪಕ್ಕೆಯಲ್ಲಿ ಉದ್ದನೆಯ ಗಾಯದ ಗುರುತು ಇಟ್ಟುಕೊಂಡವರು, ಹಿಂದೆ ತಿರುಗಿ ನಮ್ಮಿಬ್ಬರನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ದಿಬ್ಬದ ಮೇಲೆ ಗಾಳಿ ಜೋರಾಗಿತ್ತು. ನಾವು ಮೂವರೂ ಬಗ್ಗಿ ಒಂದೊಂದೇ ಗೊಂಬೆಯ ಬೆನ್ನು ಹಿಡಿದು, ಕಾಲಿನ ಸರಳನ್ನು ಮರಳಿನಲ್ಲಿ ಮೆಲ್ಲಗೆ ತಿರುಗಿಸಿದೆವು. ಸಾಲುಗಳನ್ನು ಮುರಿದೆವು. ಎರಡು ಪಕ್ಕಪಕ್ಕ, ಒಂದು ದೂರ, ಮೂರು ಒತ್ತಾಗಿ. ಯಾವುದು ಎಲ್ಲಿರಬೇಕೆಂದು ಅತ್ತಿಗೆ ಹೇಳುತ್ತ ಹೋದರು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಹೇಳುತ್ತಿದ್ದರು. ಸಣ್ಣ ಕತ್ತಿನದನ್ನು ಕಂಡು ನಿಂತರು.

"ಇದನ್ನ ಯಾಕೆ ಇಟ್ಕೊಂಡೆ? ಹಾಳಾಗಿತ್ತಲ್ಲ."

"ಇರ್ಲಿ ಅಂತ."

ಅದನ್ನು ಕಿತ್ತು, ದಿಬ್ಬದ ನೆತ್ತಿಯ ಮೇಲೆ ತಾವೇ ನೆಟ್ಟು, ಸಮುದ್ರದ ಕಡೆ ತಿರುಗಿಸಿದರು. ಹೊರಡುವಾಗ ಅದರ ಟೋಪಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದ್ದನ್ನು ನಾನು ನೋಡಿದೆ.

ಮತ್ತೆ ಕಿಂಡಿಯ ಮುಂದೆ ಬಂದು ಕೂತೆವು. ಈಗ ನಮ್ಮ ಹಕ್ಕಿಗಳೆಲ್ಲ ನಮಗೆ ಓರೆಯಾಗಿದ್ದವು. ನಾನು ಕಷ್ಟಪಟ್ಟು ಬರೆದ ಕಣ್ಣುಗಳಲ್ಲಿ ಒಂದೊಂದು ಮಾತ್ರ ಕಾಣುತ್ತಿತ್ತು. ಬುತ್ತಿ ಬಿಚ್ಚಿ ತಿಂದೆವು. ಬಿಸಿಲು ಏರಿತು. ಅಣ್ಣ ಕೂತಲ್ಲೇ ತೂಕಡಿಸಿ ಗೊರಕೆ ಶುರುಮಾಡಿದ, ಅತ್ತಿಗೆ ಮೊಣಕೈಯಿಂದ ತಿವಿದರು. ಮೇಲೆ ಬಿಳಿ ಹಕ್ಕಿಗಳು ಬಂದವು, ಸುತ್ತಿದವು, ಹೋದವು. ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬಂದು ವಾಪಸು ಹೋಗುತ್ತಿತ್ತು. ಬಿಸಿಲು ಇಳಿಯುವ ಹೊತ್ತಾಯಿತು. ಮೇಡಂ ಕೈಗಡಿಯಾರ ನೋಡಿಕೊಂಡರು. ನಾನು ಬೇಕೆಂದೇ ಆ ಕಡೆ ನೋಡಲಿಲ್ಲ.

ಆಗ ಅತ್ತಿಗೆ ನನ್ನ ತೋಳು ಹಿಡಿದರು, ಉಗುರು ಊರುವಷ್ಟು ಬಿಗಿಯಾಗಿ.

ಒಂದು ಕರಿಟೋಪಿ ಗಾಳಿಗೆದುರಾಗಿ ತೇಲುತ್ತ ದಿಬ್ಬದ ನೇರಕ್ಕೆ ಆಕಾಶದಲ್ಲೇ ನಿಂತ ಹಾಗಿತ್ತು. ಕಾಲು ಇಳಿಬಿಟ್ಟಿತು. ಇಳಿಯಿತು! ದಿಬ್ಬದ ನೆತ್ತಿಯ ಮೇಲೆ, ಸಣ್ಣ ಕತ್ತಿನ ಗೊಂಬೆಯ ಪಕ್ಕದಲ್ಲೇ. ಅದರ ಕೊಕ್ಕಿನಲ್ಲಿ ಬೆಳ್ಳಿಯ ಬಣ್ಣದ ಒಂದು ಪುಟ್ಟ ಮೀನಿತ್ತು.

"ಗಂಡು," ಎಂದು ಮೇಡಂ ಪಿಸುಗುಟ್ಟಿದರು. "ಹೆಣ್ಣಿಗೆ ಮೀನು ತಂದುಕೊಡತ್ತೆ. ಅದು ತಗೊಂಡ್ರೆ ಜೋಡಿ ಆದ ಹಾಗೆ."

ಹಕ್ಕಿ ಗೊಂಬೆಯ ಮುಂದೆ ಬಂತು. ಕತ್ತು ಬಾಗಿಸಿ ಮೀನು ಚಾಚಿತು. ಗೊಂಬೆ ಸಮುದ್ರ ನೋಡುತ್ತ ನಿಂತಿತ್ತು. ಹಕ್ಕಿ ಈಚೆ ಪಕ್ಕಕ್ಕೆ ಬಂದು ಚಾಚಿತು. ಆಚೆ ಪಕ್ಕಕ್ಕೆ ಹೋಗಿ ಚಾಚಿತು. ಮೀನನ್ನು ಅದರ ಕಾಲ ಬುಡದಲ್ಲಿಟ್ಟು ಹಿಂದೆ ಸರಿದು ನೋಡಿತು. ಮತ್ತೆ ಎತ್ತಿಕೊಂಡು ಬಂದು ಚಾಚಿತು. ಗೊಂಬೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪಾಪದ್ದು, ಮೀನು ಕಚ್ಚಿಕೊಂಡು ಅದರ ಮುಂದೆ ಹಾಗೇ ನಿಂತುಬಿಟ್ಟಿತು.

ಅತ್ತಿಗೆ ದುರ್ಬೀನಿಗೆ ಕಣ್ಣೊತ್ತಿಕೊಂಡಿದ್ದರು. "ಅಯ್ಯೋ, ತಗೊಳ್ಳೇ," ಎಂದರು ಗೊಂಬೆಗೆ. "ಅಷ್ಟು ದೂರದಿಂದ ತಂದಿದೆ. ತಗೊಂಡ್ರೆ ಗಂಟೇನು ಹೋಗತ್ತೆ ನಿಂಗೆ?"

ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನಾನೂ ಒಂದು ವರ್ಷದಿಂದ ಹಿಂಗೇ ಮೀನು ಕಚ್ಕೊಂಡು ನಿಂತಿದೀನಿ. ನಿಮ್ಮ ಮುಂದೆ."

ಅತ್ತಿಗೆ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಆದರೆ ಅವರು ಈಗ ಅದರಲ್ಲಿ ಏನನ್ನೂ ನೋಡುತ್ತಿಲ್ಲ ಎಂದು ನನಗೆ ಗೊತ್ತಾಯಿತು, ಭುಜಗಳು ಹಾಗೆ ಕುಸಿದಿದ್ದವು. ಎದ್ದು ಹೋಗುತ್ತಾರೆ ಎಂದುಕೊಂಡೆ. ಇಲ್ಲಿ ಒಲೆಯೂ ಇಲ್ಲ, ಹಾಲೂ ಇಲ್ಲ.

"ಸರಿ," ಎಂದರು ಕೊನೆಗೆ. "ಹೇಳು. ಏನು ಹೇಳ್ಬೇಕು ಅಂತಿದ್ಯೋ ಹೇಳು. ನಾನು ಎಲ್ಲೂ ಹೋಗಲ್ಲ."

ವರ್ಷವಿಡೀ ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಜೀವದಾನ, ಪುನರ್ಜನ್ಮ, ತಾಯಿಗೆ ಸಮಾನ, ಅಂಥವು. ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅತ್ತಿಗೆ, ನಾನು ಉಚ್ಚೆಗೆ ಹೋದಾಗಲೆಲ್ಲ ನಿಮ್ಮನ್ನ ನೆನೆಸ್ಕೋತೀನಿ."

ಅಣ್ಣ ಬಾಯಿ ತೆರೆದವನು ತೆರೆದೇ ಇದ್ದ. ಹಕ್ಕಿ ಮೇಡಂ ಗೋಡೆಯ ಕಡೆ ತಿರುಗಿಕೊಂಡರು. ಅತ್ತಿಗೆ ನನ್ನನ್ನೇ ನೋಡಿದರು. ತುಟಿ ಬಿಗಿಹಿಡಿದರು. ಆಗಲಿಲ್ಲ, ನಗು ಒಡೆದು ಬಂತು, ಕೋಣೆಯ ಹಲಗೆಗಳೆಲ್ಲ ಅದುರುವ ಹಾಗೆ. ನಗುತ್ತ ನಗುತ್ತ ಪಕ್ಕೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು. ಕಣ್ಣಲ್ಲಿ ನೀರು ಬಂತು. ಬಂದದ್ದು ನಿಲ್ಲಲಿಲ್ಲ.

"ನಿಜ ಅತ್ತಿಗೆ," ಎಂದೆ. "ಪ್ರತೀ ಸಲ. ನೀರು ಕುಡಿದಾಗ್ಲೂ. ಇವತ್ತು ಬೆಳಗ್ಗೆಯಿಂದ ಎಷ್ಟು ಸಲ ನೆನೆಸ್ಕೊಂಡೆನೋ ಲೆಕ್ಕ ಇಲ್ಲ. ನೀವು ಕೊಟ್ಟಿಲ್ಲದಿದ್ರೆ ನಾನು ಇಲ್ಲಿ ಕೂತಿರ್ತಿರ್ಲಿಲ್ಲ. ಆ ಹಕ್ಕಿ ಇಳಿದದ್ದು ನೋಡ್ತಿರ್ಲಿಲ್ಲ. ಅಷ್ಟೇ ನಾನು ಹೇಳ್ಬೇಕಾಗಿದ್ದು. ತುಂಬಾ ಉಪಕಾರ ಆಯ್ತು."

ಸದ್ದಿಗೆ ಹಕ್ಕಿ ಹಾರಿಹೋಗಿತ್ತು. ಮೇಡಂ ದುರ್ಬೀನಿಗೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ನಿಂತರು. ಅದು ದಿಬ್ಬದ ಸುತ್ತ ಒಂದು ದೊಡ್ಡ ಸುತ್ತು ಹಾಕಿ, ಮತ್ತೆ ಅದೇ ಜಾಗದಲ್ಲಿ ಇಳಿದು, ರೆಕ್ಕೆ ಮಡಚಿ, ಗಾಳಿಗೆ ಮುಖ ಮಾಡಿ ನಿಂತಿತು. ಈ ಸಲ ಅದರ ಹಿಂದೆಯೇ ಇನ್ನೆರಡು ಇಳಿದವು. ಮೇಡಂ ಮೊದಲ ಸಲ ಪಿಸುಮಾತು ಮರೆತು, "ಮುಂದಿನ ವರ್ಷ ಇವನ್ನ ಇಡೋಕೆ ನೀವೇ ಬರ್ಬೇಕು!" ಎಂದು ಕೂಗಿಯೇಬಿಟ್ಟರು.

ಅತ್ತಿಗೆ ಬಹಳ ಹೊತ್ತು ಆ ಮೂರು ಹಕ್ಕಿಗಳನ್ನು ಬರಿಗಣ್ಣಿನಲ್ಲೇ ನೋಡಿದರು. ಆಮೇಲೆ ಕೆಸರಿನ ವಾಸನೆ ಇನ್ನೂ ಬಿಡದ ಕೈಯನ್ನು ನನ್ನ ತಲೆಯ ಮೇಲಿಟ್ಟರು.

"ತಗೊಂಡೆ ಕಣೋ ಪುಟ್ಟ," ಎಂದರು. ಗಂಡನ ಕಡೆ ತಿರುಗಿ ಇನ್ನೊಂದು ಕೈ ಚಾಚಿದರು. "ರೀ, ಬಿಚ್ಚಿ ಆ ವಾಚು. ಅದು ನಂದು."

ಅಣ್ಣ ಮರುಮಾತಾಡದೆ ಬಿಚ್ಚತೊಡಗಿದ. ಮಣಿಕಟ್ಟಿನ ಕೂದಲು ಸರಪಳಿಗೆ ಸಿಕ್ಕಿಕೊಂಡು "ಅಯ್ಯಯ್ಯೋ" ಎಂದ. ಈ ಸಲ ಯಾರೂ ಅವನಿಗೆ ಸುಮ್ಮನಿರು ಎನ್ನಲಿಲ್ಲ.